ಕೋಪರ್‌ಖೈರಣೆಯ ಫೋನು, ಬೆಂಗಳೂರಿನ ಸಿಂಪ್ಯೂಟರು

ನವಿ ಮುಂಬಯಿಯ ತುರ್ಭೆಯಿಂದ ಮುಂಬಯಿಯ ಲ್ಯಾಮಿಂಗ್ಟನ್ ರೋಡಿಗೆ ಹೋಗಬೇಕೆಂದರೆ ವಾಶಿಯಲ್ಲೊಮ್ಮೆ, ಕುರ್ಲಾದಲ್ಲೊಮ್ಮೆ, ದಾದರಿನಲ್ಲೊಮ್ಮೆ ಗಾಡಿ ಬದಲಿಸಿ ಗ್ರ್ಯಾಂಟ್ ರೋಡಿನಲ್ಲಿ ಇಳಿಯಬೇಕು. ರಸ್ತೆಯ ಸರಕಾರಿ ಹೆಸರು ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ. ಬಿಡಿಭಾಗ ಕೊಳ್ಳಲು ಬರುವವರ ಬಾಯಲ್ಲಿ ಮಾತ್ರ 1903ರಿಂದ 1907ರವರೆಗೆ ಮುಂಬಯಿಯ ಗವರ್ನರ್ ಆಗಿದ್ದ ಲಾರ್ಡ್ ಲ್ಯಾಮಿಂಗ್ಟನ್ ಇನ್ನೂ ಕುರ್ಚಿ ಬಿಟ್ಟಿಲ್ಲ. ಕೈಯಲ್ಲಿ ಹಿಡಿಯುವಂಥ ಕಂಪ್ಯೂಟರನ್ನು ಮನೆಯಲ್ಲೇ ಜೋಡಿಸುವ ಹುಚ್ಚು ಹತ್ತಿದವರಿಗೆ ಬೇಕಾದದ್ದೆಲ್ಲ ಇಲ್ಲಿ ಸಿಗುತ್ತದೆ: ಎಟಿಎಂ ಕಾರ್ಡಿನಷ್ಟೇ ಅಗಲದ ರಾಸ್ಪ್‌ಬೆರಿ ಪೈ ಬೋರ್ಡು, ಮೂರೂವರೆ ಇಂಚಿನ ಪರದೆ, ಟಿವಿ ರಿಮೋಟಿನಂಥ ಕೀಬೋರ್ಡು, ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಗಳ ಹೊಟ್ಟೆಯಲ್ಲಿ ಇರುತ್ತಿದ್ದಂಥ 18650 ಸೆಲ್ಲು.

ಜೋಡಿಸುವವರನ್ನು ಸತಾಯಿಸುವುದು ಕರೆಂಟು. ಸೆಲ್ಲು ಕೊಡುವುದು ಸುಮಾರು 3.7 ವೋಲ್ಟ್, ಬೋರ್ಡು ಕೇಳುವುದು 5. ನಡುವೆ ವೋಲ್ಟೇಜ್ ಏರಿಸುವ ಇನ್ನೊಂದು ಪುಟ್ಟ ಬೋರ್ಡು ಕೂರಿಸಬೇಕು. ಅದು ಕಳಪೆಯದಾದರೆ, ಇಲ್ಲವೇ ವೈರು ತೀರ ತೆಳುವಾದರೆ, ವೋಲ್ಟೇಜ್ 4.63ರ ಕೆಳಗೆ ಜಾರಿದ ಕೂಡಲೇ ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಇಣುಕುತ್ತದೆ. ಆ ಮಿಂಚನ್ನು ಓಡಿಸುವುದರಲ್ಲೇ ಎಷ್ಟೋ ಭಾನುವಾರಗಳು ಮುಗಿದುಹೋಗುತ್ತವೆ.

ಭಾನುವಾರದ ಈ ಹವ್ಯಾಸಕ್ಕೆ ಕಾಲು ಶತಮಾನದ ಹಿಂದೆ ಒಂದು ಟ್ರಸ್ಟೇ ಬೇಕಾಗಿತ್ತು. 1998ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ‘ಗ್ಲೋಬಲ್ ವಿಲೇಜ್’ ಎಂಬ ವಿಚಾರಸಂಕಿರಣ ನಡೆಯಿತು. ಬಡ ದೇಶಗಳಿಗೆ ಮಾಹಿತಿ ತಂತ್ರಜ್ಞಾನ ಏನು ಮಾಡಬಲ್ಲದು ಎಂಬ ಚರ್ಚೆ ಅಲ್ಲಿತ್ತು. ಅದರ ಸಿದ್ಧತೆಯ ದಿನಗಳಲ್ಲೇ ಹುಟ್ಟಿದ ಯೋಚನೆ ಸಿಂಪ್ಯೂಟರ್. ಸರಳ, ಅಗ್ಗ, ಬಹುಭಾಷಿ ಎಂಬ ಮೂರು ಗುಣಗಳ ಇಂಗ್ಲಿಷ್ ಮೊದಲಕ್ಷರಗಳು ಆ ಹೆಸರಿನೊಳಗಿವೆ. 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದವರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಇದ್ದರು. ಎನ್ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮತ್ತು ಸಂಗಡಿಗರಿದ್ದರು.

ಅವರೇನೂ ಹೊಸ ಚಿಪ್ ಸೃಷ್ಟಿಸಲು ಹೋಗಲಿಲ್ಲ. ಪೇಟೆಯಲ್ಲಿ ಸಿಗುತ್ತಿದ್ದ ಇಂಟೆಲ್‌ನ ಸ್ಟ್ರಾಂಗ್‌ಆರ್ಮ್ ಚಿಪ್ ತಂದರು. ಅದರ ವೇಗ 206 ಮೆಗಾಹರ್ಟ್ಸ್. ಪುಕ್ಕಟೆ ಸಿಗುವ ಲಿನಕ್ಸ್ ತುಂಬಿದರು. 320x240 ಚುಕ್ಕಿಗಳ ಕಪ್ಪು-ಬಿಳುಪು ಪರದೆ, ಮುಟ್ಟಲು ಒಂದು ಕಡ್ಡಿ, ಫೋನಿನ ತಂತಿಗೆ ಸಿಕ್ಕಿಸಲು ಮೋಡೆಮ್ಮು. ಬೆಲೆ 9,000 ರೂಪಾಯಿ ದಾಟಬಾರದು ಎಂಬುದು ಹಟ.

ಜಾಣತನ ಇದ್ದದ್ದು ಸ್ಮಾರ್ಟ್ ಕಾರ್ಡಿನಲ್ಲಿ. ಒಂಬತ್ತು ಸಾವಿರವೂ ಬಡವನಿಗೆ ಭಾರವೇ, ಆದ್ದರಿಂದ ಊರಿಗೊಂದು ಯಂತ್ರ ಸಾಕು. ಅವರವರ ಮಾಹಿತಿ ಅವರವರ ಕಾರ್ಡಿನಲ್ಲಿರಲಿ ಎಂದು ಯೋಚಿಸಿದರು. ಹಿಟ್ಟಿನ ಗಿರಣಿಯ ಲೆಕ್ಕ ಇದು. ಯಂತ್ರ ಒಂದೇ, ಜೋಳ ಮಾತ್ರ ಅವರವರ ಮನೆಯದು. ಓದು ಬಾರದವರಿಗಾಗಿ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶ ಬಂತು. ಅದು ಕನ್ನಡವನ್ನೂ ನುಡಿಯುತ್ತಿತ್ತು. ದೊಡ್ಡ ಕಂಪ್ಯೂಟರುಗಳಲ್ಲೇ ಕನ್ನಡದ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತಿದ್ದ ಕಾಲವದು ಎಂಬುದನ್ನು ನೆನೆದರೆ ಈ ಕೆಲಸದ ತೂಕ ತಿಳಿಯುತ್ತದೆ.

ವಿನ್ಯಾಸವನ್ನು ಬಚ್ಚಿಡಲೂ ಇಲ್ಲ. ಟ್ರಸ್ಟಿನ ಲೈಸೆನ್ಸ್ ಪಡೆದ ಯಾವ ಕಂಪನಿಯೂ ಯಂತ್ರ ತಯಾರಿಸಬಹುದಿತ್ತು; ಅದನ್ನು ಸುಧಾರಿಸಿದವರು ಆ ಸುಧಾರಣೆಯನ್ನು ಮರಳಿ ಹಂಚಿಕೊಳ್ಳಬೇಕಿತ್ತು. ತಂತ್ರಾಂಶದಲ್ಲಿ ಆಗಲೇ ರೂಢಿಯಾಗಿದ್ದ ಈ ಪದ್ಧತಿಯನ್ನು ಅವರು ಯಂತ್ರಕ್ಕೆ ಹೊಂದಿಸಿದ್ದರು. 2001ರ ಕೊನೆಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ತನ್ನ ವರ್ಷದ ಹೊಸ ಕಲ್ಪನೆಗಳ ಸಂಚಿಕೆಯಲ್ಲಿ ಸಿಂಪ್ಯೂಟರನ್ನು ಹೊಗಳಿತು. ಬರೆದವರು ವಿಜ್ಞಾನ ಕಥೆಗಾರ ಬ್ರೂಸ್ ಸ್ಟರ್ಲಿಂಗ್.

ಹೊಗಳಿಕೆ ಬೇಗ ಬಂತು, ಯಂತ್ರ ತಡವಾಗಿ ಬಂತು. ಪ್ರಾಧ್ಯಾಪಕರು ಕಟ್ಟಿದ ಪಿಕೊಪೆಟಾ ಕಂಪನಿಗಾಗಿ ರಕ್ಷಣಾ ಇಲಾಖೆಯ ಬಿಇಎಲ್ ತಯಾರಿಸಿದ ‘ಅಮಿಡಾ ಸಿಂಪ್ಯೂಟರ್’ ಮಾರುಕಟ್ಟೆಗೆ ಇಳಿದದ್ದು 2004ರಲ್ಲಿ. ಅಗ್ಗದ ಮಾದರಿಗೆ ಸುಮಾರು ಹತ್ತು ಸಾವಿರ, ಬಣ್ಣದ ಪರದೆಯದಕ್ಕೆ ಸುಮಾರು ಇಪ್ಪತ್ತು ಸಾವಿರ. ಅದರೊಳಗೆ ಚಲನೆ ಗುರುತಿಸುವ ಸೆನ್ಸರ್ ಇತ್ತು, ಕೈಯಲ್ಲಿ ಹಿಡಿದು ಒಮ್ಮೆ ಓಲಿಸಿದರೆ ಪುಟ ಮಗುಚುತ್ತಿತ್ತು. ಐಫೋನ್ ಬರಲು ಇನ್ನೂ ಮೂರು ವರ್ಷವಿತ್ತು.

ಆದರೆ ಅಷ್ಟರಲ್ಲಿ ಆಟ ಬೇರೆ ಕಡೆ ನಡೆದುಹೋಗಿತ್ತು, ಅದೂ ತುರ್ಭೆಯ ಪಕ್ಕದ ಸ್ಟೇಷನ್ನಿನಲ್ಲಿ. ರಿಲಯನ್ಸ್ ಇನ್ಫೋಕಾಮ್‌ನ ಮುಖ್ಯ ಠಾಣ್ಯ ಕೋಪರ್‌ಖೈರಣೆಯ ಧೀರೂಭಾಯಿ ಅಂಬಾನಿ ನಾಲೆಜ್ ಸಿಟಿಯಾಗಿತ್ತು. 2003ರ ಮಳೆಗಾಲದಲ್ಲಿ ಆ ಕಂಪನಿ ‘ಮಾನ್ಸೂನ್ ಹಂಗಾಮಾ’ ಎಂದು ಡಂಗುರ ಹೊಡೆಸಿ, 501 ರೂಪಾಯಿ ಕೈಗಿಟ್ಟವರಿಗೆ ಮೊಬೈಲ್ ಕೊಟ್ಟಿತು, ಉಳಿದದ್ದು ತಿಂಗಳ ಕಂತು. ಊರಿಗೊಂದು ಯಂತ್ರ ಎಂಬ ಲೆಕ್ಕವೇ ಅಲ್ಲಿಗೆ ತಲೆಕೆಳಗಾಯಿತು. ಆ ಫೋನಿಗೆ ಕನ್ನಡ ಓದಿ ಹೇಳಲು ಬರುತ್ತಿರಲಿಲ್ಲ, ಪುಟ ಮಗುಚಲೂ ಬರುತ್ತಿರಲಿಲ್ಲ. ಊರಿನಲ್ಲಿದ್ದ ಅಮ್ಮನ ದನಿ ಕೇಳಿಸುತ್ತಿತ್ತು. ತುರ್ಭೆಯ ಎಪಿಎಂಸಿಯಲ್ಲಿ ಈರುಳ್ಳಿ ಮೂಟೆ ಹೊರುವವನಿಗೆ ಅಷ್ಟು ಸಾಕಾಗಿತ್ತು.

ಸಿಂಪ್ಯೂಟರ್ ಮಾರಾಟವಾದದ್ದು ಕೆಲವೇ ಸಾವಿರ. ಛತ್ತೀಸಗಢದ ಶಾಲೆಗಳಲ್ಲಿ ಪ್ರಯೋಗ ನಡೆಯಿತು, ಅಲ್ಲಿಗೇ ನಿಂತಿತು. ಮುಂದೆ ಪಿಕೊಪೆಟಾವನ್ನು ಮುಂಬಯಿಯದೇ ಆದ ಜಿಯೋಡೆಸಿಕ್ ಕಂಪನಿ ಕೊಂಡುಕೊಂಡಿತು. ಇದನ್ನೆಲ್ಲ ಸೋಲು ಎಂದು ಒಂದೇ ಮಾತಿನಲ್ಲಿ ಬರೆದುಹಾಕುವ ರೂಢಿ ಇದೆ, ಅದು ಸೋಮಾರಿ ತೀರ್ಪು. ಎಡವಿದ್ದು ಬೆಲೆಯಲ್ಲಿ ಮತ್ತು ಹೊತ್ತಿನಲ್ಲಿ. ವಿನ್ಯಾಸ ಗಟ್ಟಿಯಾಗಿತ್ತು. 2012ರಲ್ಲಿ ಇಂಗ್ಲೆಂಡಿನ ರಾಸ್ಪ್‌ಬೆರಿ ಪೈ 35 ಡಾಲರಿಗೆ ಬಂದಾಗ ಅದರೊಳಗೂ ಇದ್ದದ್ದು ಅದೇ ಆರ್ಮ್ ಕುಲದ ಚಿಪ್ಪು, ಅದೇ ಲಿನಕ್ಸ್. ಲ್ಯಾಮಿಂಗ್ಟನ್ ರೋಡಿನಿಂದ ಚೀಲ ತುಂಬಿಕೊಂಡು ಬರುವವರು ಮನೆಯ ಮೇಜಿನ ಮೇಲೆ ಇವತ್ತು ಜೋಡಿಸುತ್ತಿರುವುದೂ ಹೆಚ್ಚುಕಡಿಮೆ ಅದನ್ನೇ.

ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಅಮಿಡಾ ಬಿದ್ದಿದ್ದರೆ ಭಂಗಾರ್‌ವಾಲಾನ ತೂಕದ ಬಟ್ಟಲಿಗೆ ಹಾಕಬೇಡಿ. ಬ್ಯಾಟರಿ ಉಬ್ಬಿದ್ದರೆ ಅದನ್ನಷ್ಟೇ ತೆಗೆಸಿ, ಉಳಿದದ್ದನ್ನು ಹತ್ತಿರದ ಇಂಜಿನಿಯರಿಂಗ್ ಕಾಲೇಜಿಗೆ ಕೊಡಿ.