ಗಾಳಿ ಹಾಕಿದ್ದ ಗಡಿ

ಪಂಪು ನೀರನ್ನು ಹೀರುತ್ತದೆ ಎನ್ನುತ್ತೇವೆ. ನಿಜಕ್ಕೂ ಪಂಪು ಪೈಪಿನೊಳಗಿನ ಒತ್ತಡವನ್ನು ತಗ್ಗಿಸುತ್ತದೆ ಅಷ್ಟೆ. ನೀರನ್ನು ಮೇಲಕ್ಕೆ ದೂಡುವುದು ಬಾವಿಯ ಮೇಲಿನ ಗಾಳಿಯ ಭಾರ. ಹೀರುವ ಪಂಪು ಒಂದು ಎತ್ತರ ದಾಟಿ ನೀರೆತ್ತದು ಎಂಬುದನ್ನು ಗೆಲಿಲಿಯೊ 1638ರಲ್ಲಿ ಬರೆದಿಟ್ಟ. ಕಾರಣ ಗಾಳಿಯ ತೂಕವೆಂದು 1644ರಲ್ಲಿ ವಿವರಿಸಿದವನು ಟೊರಿಚೆಲ್ಲಿ. ಸಮುದ್ರಮಟ್ಟದಲ್ಲಿ ಆ ಮಿತಿ 10.3 ಮೀಟರ್. ಗಾಳಿ ತೆಳುವಾದ ಕೋಲಾರದ ಪ್ರಸ್ಥಭೂಮಿಯಲ್ಲಿ ಅದು ಸುಮಾರು 9.3 ಮೀಟರಿಗೆ ಇಳಿಯುತ್ತದೆ. ಬಳಕೆಯಲ್ಲಿ ಇಪ್ಪತ್ತೈದು ಅಡಿ ಸಿಕ್ಕರೆ ಹೆಚ್ಚು. ನಮ್ಮ ತೆರೆದ ಬಾವಿಗಳ ಪಂಪ್‌ಸೆಟ್ಟು ಬದುಕಿದ್ದು ಈ ಗಡಿಯೊಳಗೆ. ಪೈಪಿನ ಬುಡದಲ್ಲಿ ನೀರು ಹಿಂದಿಳಿಯದಂತೆ ತಡೆಯುವ ಫುಟ್‌ವಾಲ್ವ್ ಸೋರಿದರೆ ರೈತರು ಸಗಣಿ ಕದಡಿದ ನೀರು ಹೊಯ್ದು ಸಂದು ಮುಚ್ಚುತ್ತಿದ್ದರು. ಬೇಸಿಗೆಯಲ್ಲಿ ನೀರು ಇಳಿದಂತೆ ಮೋಟಾರನ್ನೂ ಬಾವಿಯೊಳಗೆ ಕೆಳಗಿಳಿಸುತ್ತಿದ್ದರು. ಅಂತರ್ಜಲ ಎಷ್ಟು ಇಳಿಯಿತೆಂಬುದನ್ನು ಆ ದುಡಿಮೆಯೇ ಲೆಕ್ಕವಿಟ್ಟು ಹೇಳುತ್ತಿತ್ತು.

ಸಬ್‌ಮರ್ಸಿಬಲ್ ಪಂಪು ಈ ಗಡಿಯನ್ನು ಅಳಿಸಿತು. ಎಂಜಿನಿಯರ್ ಆರ್ಮೈಸ್ ಅರುಟುನಾಫ್ ತೈಲಬಾವಿಗಳಿಗಾಗಿ ರೂಪಿಸಿದ ಈ ಯಂತ್ರದ ಹಿಂದಿನ ವಿಚಾರ ಸರಳ: ಮೋಟಾರು, ಪಂಪು ಎರಡೂ ನೀರಿನಲ್ಲೇ ಮುಳುಗಿದ್ದರೆ ಮೇಲಿನಿಂದ ಹೀರುವ ಮಾತಿಲ್ಲ, ಕೆಳಗಿನಿಂದ ಒತ್ತಿದರಾಯಿತು. ಕೋಲಾರದಲ್ಲಿ ಕೊಳವೆಬಾವಿ ಸಾವಿರ ಅಡಿ ಮೀರಿದ್ದಕ್ಕೆ ಈ ಬಿಡುಗಡೆಯೇ ದಾರಿ ಮಾಡಿಕೊಟ್ಟಿತು. ಹೊಣೆಯನ್ನು ಯಂತ್ರದ ಮೇಲೆ ಹೊರಿಸುವುದು ಅನ್ಯಾಯ, ಮಳೆ ಕೈಕೊಟ್ಟು ಕೆರೆಗಳು ಹೂಳು ತುಂಬಿದ ಮೇಲೆ ರೈತನಿಗೆ ಬೇರೆ ದಾರಿ ಎಲ್ಲಿತ್ತು ಎಂದು ಕೇಳಬಹುದು. ಆ ಪ್ರಶ್ನೆಯಲ್ಲಿ ಹುರುಳಿದೆ; ಎಷ್ಟೋ ಊರುಗಳ ಕುಡಿಯುವ ನೀರೂ ಇದೇ ಪಂಪಿನಿಂದ ಬಂದಿದೆ. ಆದರೆ ಬಾವಿ ಬತ್ತುವುದು ಊರಿಗೆಲ್ಲ ಕಾಣುತ್ತಿತ್ತು, ಆರಿಂಚಿನ ಕೊಳವೆಯೊಳಗೆ ಬತ್ತುವುದು ಯಾರ ಕಣ್ಣಿಗೂ ಬೀಳದು. ಹಿಂದೆ ಗಾಳಿಯೇ ಹಾಕಿದ್ದ ಬೇಲಿಯನ್ನು ಕರ್ನಾಟಕದ 2011ರ ಅಂತರ್ಜಲ ಕಾಯ್ದೆ ಅನುಮತಿ ಪತ್ರದಿಂದ ಕಟ್ಟಲು ಹೊರಟಿತು. ಕಣ್ಣೆದುರಿನ ಎಚ್ಚರಿಕೆಯ ಕೆಲಸವನ್ನು ಪತ್ರವೊಂದೇ ಮಾಡಲಾರದು.

ಮೇಲಾಗಿ, ಮುಳುಗಿದ ಪಂಪಿಗೂ ತನ್ನದೇ ಬೇಡಿಕೆಯುಂಟು. ಅದರ ಬಾಯಿಯ ಮೇಲೆ ಸಾಕಷ್ಟು ನೀರು ನಿಂತಿರಬೇಕು, ಮೋಟಾರಿನ ಮೈಯನ್ನು ಹರಿಯುವ ನೀರು ತಣಿಸುತ್ತಿರಬೇಕು. ಮಟ್ಟ ಬಾಯಿಗಿಂತ ಕೆಳಗೆ ಜಾರಿದರೆ ಅದು ಗಾಳಿ ನುಂಗುತ್ತದೆ, ಹಾಗೇ ಓಡಿದರೆ ಸುಟ್ಟುಹೋಗುತ್ತದೆ. ಹೀರುವ ಮಿತಿಯನ್ನು ದಾಟಿದ ಯಂತ್ರ ನೀರಿನ ಮಿತಿಯನ್ನು ದಾಟಿಲ್ಲ. ಪೈಪು ಸೇರಿಸಿ ಪಂಪನ್ನು ಇನ್ನೂ ಕೆಳಗಿಳಿಸುವುದು ಆ ಬೇಡಿಕೆಯನ್ನು ಮುಂದೂಡುತ್ತದೆ. ತೀರಿಸುವುದು ಹೂಳೆತ್ತಿದ ಕೆರೆಯಿಂದ ನೆಲಕ್ಕೆ ಇಂಗುವ ಮಳೆನೀರು ಮಾತ್ರ.