ಮರೆತ ನೆನಪು ಮತ್ತು ಸಾಕ್ಷ್ಯ

ಚಂದ್ರವಳ್ಳಿಯ ಬಂಡೆಯ ಮೇಲಿರುವ ಮಯೂರಶರ್ಮನ ಶಾಸನವನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. 1929ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಅದನ್ನೋದಿ, ಆ ಅರಸನು ಜಯಿಸಿದವರ ದೊಡ್ಡದೊಂದು ಪಟ್ಟಿಯನ್ನು ಕೊಟ್ಟರು. ಸವೆದ ಅಕ್ಷರಗಳಲ್ಲಿ ಅಷ್ಟು ಹೆಸರುಗಳು ಕಾಣವೆಂದು ಮುಂದೆ ಕೆಲವು ವಿದ್ವಾಂಸರು ವಾದಿಸಿದರು. ಕಲ್ಲಿನ ಬರೆಹಕ್ಕೇ ಈ ವಿವಾದವಾದರೆ ಮನಸ್ಸಿನ ಬರೆಹದ ಪಾಡೇನು?

ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಗುರಿಯಾದವರು ಅದನ್ನು ಮರೆತು, ಬಹುಕಾಲದ ಮೇಲೆ ಮರಳಿ ನೆನೆಯುವುದುಂಟೇ, ಆ ನೆನಪೊಂದನ್ನೇ ನಂಬಿ ಒಬ್ಬನನ್ನು ಸೆರೆಮನೆಗೆ ಕಳುಹಿಸಬಹುದೇ ಎಂಬುದು ಪ್ರಕೃತ ವಿಷಯವು. ನಂಬಿದರೆ ನಿರಪರಾಧಿಯು ಕೆಡಬಹುದು. ನಂಬದಿದ್ದರೆ ನೊಂದವಳ ಬಾಯನ್ನು ಎರಡನೆಯ ಸಲ ಮುಚ್ಚಿದಂತಾಗುವುದು.

1896ರಲ್ಲಿ ವಿಯೆನ್ನಾದ ವೈದ್ಯ ಫ್ರಾಯ್ಡನು, ತನ್ನ 18 ಮಂದಿ ರೋಗಿಗಳ ಬೇನೆಗೆ ಮರೆತುಹೋದ ಇಂತಹ ಅನುಭವವೇ ಮೂಲವೆಂದು ಸಾರಿದನು. ಮರುವರ್ಷವೇ ಗೆಳೆಯನಿಗೆ ಬರೆದ ಕಾಗದದಲ್ಲಿ ಆ ಮತವನ್ನು ಕೈಬಿಟ್ಟನು. ನೂರು ವರ್ಷಗಳ ತರುವಾಯ ಅದೇ ಜಗಳವು ಅಮೆರಿಕದ ನ್ಯಾಯಾಲಯಗಳನ್ನು ಹೊಕ್ಕಿತು. 1994ರಲ್ಲಿ ಲಿಂಡಾ ವಿಲಿಯಮ್ಸ್ ಎಂಬಾಕೆಯು, ಬಾಲ್ಯದ ದೌರ್ಜನ್ಯವು ದಾಖಲೆಯಲ್ಲಿಯೇ ಇದ್ದ 129 ಹೆಂಗಸರ ಅಧ್ಯಯನವನ್ನು ಪ್ರಕಟಿಸಿದಳು. ನೂರಕ್ಕೆ 38 ಮಂದಿ ಆ ಸಂಗತಿಯನ್ನು ಹೇಳಲೇ ಇಲ್ಲ. (ಮರೆತಿದ್ದರೋ, ಹೇಳಲೊಲ್ಲದೆ ಹೋದರೋ!) ಮರುವರ್ಷ ಎಲಿಜಬೆತ್ ಲಾಫ್ಟಸ್ ಎಂಬಾಕೆಯು, ಚಿಕ್ಕಂದಿನಲ್ಲಿ ಅಂಗಡಿಸಾಲಿನಲ್ಲಿ ತಪ್ಪಿಸಿಕೊಂಡೆಯೆಂಬ ಕಟ್ಟುಕಥೆಯನ್ನು 24 ಜನರಿಗೆ ಸೂಚಿಸಲು, ಕಾಲುಭಾಗದವರು ಅದನ್ನು ತಮ್ಮ ನೆನಪೆಂದೇ ಒಪ್ಪಿಕೊಂಡರು. ಕ್ಯಾಲಿಫೋರ್ನಿಯದ ನಾಪಾದಲ್ಲಿ, ಮಗಳಿಗೆ ಸೋಡಿಯಂ ಅಮಿಟಾಲ್ ಕೊಟ್ಟು ನೆನಪನ್ನು ಹೊರಡಿಸಿದ ಚಿಕಿತ್ಸಕರ ಮೇಲೆ ತಂದೆಯು ದಾವೆ ಹೂಡಲು, 1994ರಲ್ಲಿ ಪಂಚರು ಅವನಿಗೆ 5 ಲಕ್ಷ ಡಾಲರುಗಳನ್ನು ಕೊಡಿಸಿದರು.

ಔಷಧದಿಂದ ಬಾಯಿಬಿಡಿಸುವ ಈ ಉಪಾಯವು ನಮಗೂ ಹೊಸದಲ್ಲ. ಬೆಂಗಳೂರಿನಲ್ಲಿ ಆಪಾದಿತರ ಮೇಲೆ ನಡೆಯುತ್ತಿದ್ದ ಮಂಪರು ಪರೀಕ್ಷೆಯನ್ನು, ಸಮ್ಮತಿಯಿಲ್ಲದೆ ನಡೆಸಕೂಡದೆಂದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರ ಮೇ 5ರಂದು ತೀರ್ಮಾನಿಸಿತು. ಮಂಪರಿನಲ್ಲಿರುವವನು ಕೇಳುವವನ ಸೂಚನೆಗೆ ಒಲಿಯಬಲ್ಲನೆಂಬುದನ್ನೂ ಅದು ಗಮನಿಸಿತು.

ತಾನಾಗಿ ಬಂದ ನೆನಪು ಬೇರೆ, ಎಳೆದು ತಂದ ನೆನಪು ಬೇರೆ ಎಂದು ನನ್ನ ಮತ. 2007ರಲ್ಲಿ ಗೆರಾರ್ಟ್ಸ್ ಮೊದಲಾದವರು ಪ್ರಕಟಿಸಿದ ಶೋಧನೆಯಲ್ಲಿ, ಎಂದೂ ಮರೆಯದ ನೆನಪುಗಳ ಪೈಕಿ ನೂರಕ್ಕೆ 45ಕ್ಕೂ, ತಾವಾಗಿ ಮರಳಿದವುಗಳ ಪೈಕಿ 37ಕ್ಕೂ ಹೊರಗಿನ ಆಧಾರ ದೊರೆಯಿತು. ಚಿಕಿತ್ಸೆಯಲ್ಲಿ ಹೊರಟವುಗಳಲ್ಲಿ ಒಂದಕ್ಕೂ ದೊರೆಯಲಿಲ್ಲ.

ಆದರೆ ನಮ್ಮ ಹೊಸದುರ್ಗ, ಹೊಳಲ್ಕೆರೆ ಸೀಮೆಯ ಮನೆಗಳಲ್ಲಿ ಮರೆವಿಗಿಂತ ಮೌನವೇ ಹೆಚ್ಚೆಂದು ತೋರುತ್ತದೆ. 2012ರ ಪೋಕ್ಸೊ ಕಾಯಿದೆಯಂತೆ ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಎಡೆಯಲ್ಲಿ, ಸಮವಸ್ತ್ರವಿಲ್ಲದ ಅಧಿಕಾರಿಯು ಬರೆದುಕೊಳ್ಳಬೇಕು. ದೊಡ್ಡವರಾದ ಮೇಲೂ ಆ ಕಾಯಿದೆಯಡಿ ದೂರು ಕೊಡಬಹುದು, ಕಾಲಮಿತಿಯಿಲ್ಲವೆಂದು 2018ರಲ್ಲಿ ಕೇಂದ್ರ ಸರಕಾರವು ಸ್ಪಷ್ಟಪಡಿಸಿತು.