ತರಗತಿಯ ಗೋಡೆ ಪರದೆಗೆ ಬಂದ ಬಗೆ

1973ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಒಂದು ಸಣ್ಣ ತಲೆನೋವಿತ್ತು. ಅಲ್ಲಿನ ‘ಪ್ಲೇಟೊ’ ಎಂಬ ಬೋಧನಾ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಏನಾದರೂ ಕೆಟ್ಟರೆ, ಎಲ್ಲರಿಗೂ ತೆರೆದಿದ್ದ ಒಂದು ಕಡತದಲ್ಲಿ ದೂರು ಬರೆಯಬೇಕಿತ್ತು. ಒಬ್ಬರು ಬರೆಯುವಾಗ ಇನ್ನೊಬ್ಬರಿಗೆ ಜಾಗವಿಲ್ಲ. ಬರೆದದ್ದನ್ನು ಯಾರು ಬೇಕಾದರೂ ಅಳಿಸಬಹುದು. 17 ವರ್ಷದ ಡೇವಿಡ್ ವೂಲಿ ಇದಕ್ಕೆ ಪರಿಹಾರವಾಗಿ ‘ನೋಟ್ಸ್’ ಎಂಬ ಪ್ರೋಗ್ರಾಂ ಬರೆದುಕೊಟ್ಟ. ಪ್ರತಿ ಟಿಪ್ಪಣಿಗೂ ಬರೆದವರ ಗುರುತು, ದಿನಾಂಕ ತಾನಾಗಿ ಬೀಳುತ್ತಿತ್ತು. ಅದರಡಿ 63 ಉತ್ತರಗಳವರೆಗೆ ಸೇರಿಸಬಹುದಿತ್ತು. ದುರಸ್ತಿಗೆಂದು ಹುಟ್ಟಿದ ಈ ಚರ್ಚಾ ಫಲಕ 1976ರ ಹೊತ್ತಿಗೆ ವಿಷಯವಾರು ಗುಂಪುಗಳಾಗಿ ಕವಲೊಡೆದಿತ್ತು. 1978ರಲ್ಲಿ ಚಿಕಾಗೊದ ವಾರ್ಡ್ ಕ್ರಿಸ್ಟೆನ್‌ಸನ್ ಮತ್ತು ರಾಂಡಿ ಸ್ಯೂಸ್ ಕಟ್ಟಿದ ಬುಲೆಟಿನ್ ಬೋರ್ಡ್ ಇದಕ್ಕಿಂತ ಹೆಸರುವಾಸಿ. ಆದರೆ ಅದು ಹವ್ಯಾಸಿಗಳ ಕಟ್ಟೆ, ತರಗತಿಯ ಉಸಾಬರಿ ಅದಕ್ಕಿರಲಿಲ್ಲ.

ಪಾಠವನ್ನೇ ಫಲಕದ ಮೇಲೆ ನಡೆಸಬಹುದೇ ಎಂದು ಗಂಭೀರವಾಗಿ ಪರೀಕ್ಷಿಸಿದವರಲ್ಲಿ ಮೊದಲಿಗರು ನ್ಯೂಜೆರ್ಸಿಯ ಸಮಾಜಶಾಸ್ತ್ರಜ್ಞೆ ರಾಕ್ಸನ್ ಹಿಲ್ಟ್ಸ್. ಮರ್ರೆ ಟುರಾಫ್ ರೂಪಿಸಿದ್ದ ಕಂಪ್ಯೂಟರ್ ಚರ್ಚಾ ವ್ಯವಸ್ಥೆಯ ಮೇಲೆ 1980ರ ದಶಕದಲ್ಲಿ ಹಿಲ್ಟ್ಸ್ ಕಾಲೇಜು ಪಾಠಗಳನ್ನು ನಡೆಸಿದರು. ಶ್ರದ್ಧೆಯಿದ್ದವರು ಚೆನ್ನಾಗಿ ಕಲಿತರು, ‘ನಾಳೆ ಬರೆದರಾಯಿತು’ ಎಂದವರು ಹಿಂದೆ ಬಿದ್ದರು. ಸೋಮಾರಿತನಕ್ಕೆ ತಂತ್ರಜ್ಞಾನದಲ್ಲಿ ಮದ್ದಿಲ್ಲವೆಂಬುದು ಆಗಲೇ ಗೊತ್ತಾಗಿತ್ತು.

ನನ್ನ ಮಟ್ಟಿಗೆ ಈ ಚರಿತ್ರೆಯ ಹೃದಯಭಾಗವಿರುವುದು ಕೆನಡಾದಲ್ಲಿ. ಟೊರಾಂಟೊದ ಮಾರ್ಲೀನ್ ಸ್ಕಾರ್ಡಮಾಲಿಯಾ ಮತ್ತು ಕಾರ್ಲ್ ಬೆರೈಟರ್ ‘ಸಿಸೈಲ್’ ಎಂಬ ಹಂಚಿಕೆಯ ಟಿಪ್ಪಣಿ ಸಂಗ್ರಹವನ್ನು ರೂಪಿಸಿ, 1986ರ ಹೊತ್ತಿಗೆ ಪ್ರಾಥಮಿಕ ಶಾಲೆಯ ಮಕ್ಕಳ ಕೈಗಿಟ್ಟರು. ಮಕ್ಕಳು ಬರೆದದ್ದು ಮೇಷ್ಟ್ರ ಮೇಜಿಗಲ್ಲ, ಇಡೀ ತರಗತಿಗೆ. ಟಿಪ್ಪಣಿ ಬರೆಯುವವರ ಮುಂದೆ ಕೆಲವು ಆರಂಭದ ಮಾತುಗಳು ಸಿದ್ಧವಿರುತ್ತಿದ್ದವು: ‘ನನ್ನ ಸಿದ್ಧಾಂತ’, ‘ನನಗೆ ತಿಳಿಯಬೇಕಾದದ್ದು’, ‘ಹೊಸ ಮಾಹಿತಿ’. ಹತ್ತು ವರ್ಷದ ಹುಡುಗಿಯೊಬ್ಬಳು ‘ನನ್ನ ಸಿದ್ಧಾಂತ’ ಎಂದು ಬರೆದ ಮೇಲೆ ಗೆಳೆಯರು ಅದನ್ನು ಸರಿ–ತಪ್ಪು ಎಂದು ತಳ್ಳಿಹಾಕುವಂತಿಲ್ಲ, ಅದರ ಮೇಲೆ ಇನ್ನೊಂದನ್ನು ಕಟ್ಟಬೇಕು. 1990ರ ದಶಕದಲ್ಲಿ ಇದು ‘ನಾಲೆಜ್ ಫೋರಂ’ ಆಗಿ ಅಂತರ್ಜಾಲಕ್ಕೆ ಬಂದಾಗ, ಹಲವು ಟಿಪ್ಪಣಿಗಳನ್ನು ಒಟ್ಟುಮಾಡಿ ಅವುಗಳಿಗಿಂತ ಎತ್ತರದ ಒಂದನ್ನು ಬರೆಯುವ ಸೌಲಭ್ಯವೂ ಇತ್ತು. ಚರ್ಚೆ ಚದುರಿಹೋಗದಂತೆ ಹಿಡಿದಿಡುವ ಇಷ್ಟು ಜಾಣ ಏರ್ಪಾಟು ಮುಂದಿನ ಜನಪ್ರಿಯ ಫಲಕಗಳಲ್ಲಿ ನನಗೆ ಕಂಡಿಲ್ಲ.

ಚದುರುವಿಕೆ ಸಣ್ಣ ಸಮಸ್ಯೆಯೇನಲ್ಲ. ಗ್ಯಾರಿಸನ್, ಆಂಡರ್ಸನ್, ಆರ್ಚರ್ ಎಂಬ ಕೆನಡಾದ ಸಂಶೋಧಕರು ಆನ್‌ಲೈನ್ ಚರ್ಚೆಯಲ್ಲಿ ನಾಲ್ಕು ಘಟ್ಟಗಳನ್ನು ಗುರುತಿಸಿದರು: ಪ್ರಶ್ನೆ ಏಳುವುದು, ಹುಡುಕಾಟ, ಜೋಡಣೆ, ತೀರ್ಮಾನ. 2001ರಲ್ಲಿ ಅವರು ಪ್ರಕಟಿಸಿದ ವಿಶ್ಲೇಷಣೆ ಕೆಲವೇ ಸಂದೇಶಗಳದ್ದು, ಅದರಲ್ಲಿ ಶೇ. 42ರಷ್ಟು ಹುಡುಕಾಟದಲ್ಲೇ ಉಳಿದಿದ್ದವು, ತೀರ್ಮಾನ ಮುಟ್ಟಿದ್ದು ಶೇ. 4 ಮಾತ್ರ. ಎಲ್ಲರೂ ತಮಗೆ ತೋಚಿದ್ದನ್ನು ಹೇಳಿ ಎದ್ದುಹೋಗುವ ನಮ್ಮೂರ ಸಭೆಗಳನ್ನು ಕಂಡವರಿಗೆ ಇದರಲ್ಲಿ ಅಚ್ಚರಿಯಿಲ್ಲ.

2002ರಲ್ಲಿ ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಾಸ್ ‘ಮೂಡಲ್’ ಎಂಬ ಆನ್‌ಲೈನ್ ಬೋಧನಾ ತಂತ್ರಾಂಶ ಹೊರತಂದರು. ಅದರ ಪ್ರಶ್ನೋತ್ತರ ಫಲಕದಲ್ಲಿ ಒಂದು ಉಪಾಯವಿದೆ: ತನ್ನ ಉತ್ತರ ಹಾಕುವವರೆಗೆ ವಿದ್ಯಾರ್ಥಿಗೆ ಬೇರೆಯವರದು ಕಾಣುವುದಿಲ್ಲ. ಮೊದಲ ಬೆಂಚಿನವರ ಉತ್ತರವನ್ನೇ ನಲವತ್ತು ಸಲ ಓದುವ ಶಿಕ್ಷೆಯಿಂದ ಮೇಷ್ಟ್ರಿಗೆ ಬಿಡುಗಡೆ.

2008ರ ‘ವಾಲ್‌ವಿಶರ್’ ಎಂಬ ಜಾಲತಾಣ ಬೇರೆಯೇ ದಾರಿ ಹಿಡಿಯಿತು. ಖಾತೆ ಬೇಡ, ತರಬೇತಿ ಬೇಡ. ಖಾಲಿ ಗೋಡೆಯ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಚೀಟಿ ತೆರೆಯುತ್ತಿತ್ತು, 160 ಅಕ್ಷರದೊಳಗೆ ಬರೆದು ಅಂಟಿಸಬಹುದಿತ್ತು. ಇದೇ ಮುಂದೆ ‘ಪ್ಯಾಡ್ಲೆಟ್’ ಆಯಿತು. ಅಕ್ಷರಮಿತಿ ಹೋಗಿ ಚಿತ್ರ, ಧ್ವನಿ, ಪ್ರತಿಕ್ರಿಯೆ, ಶಿಕ್ಷಕರ ಒಪ್ಪಿಗೆಯ ನಂತರವೇ ಪ್ರಕಟವಾಗುವ ವ್ಯವಸ್ಥೆ ಎಲ್ಲ ಸೇರಿದವು. ಕೈಯೆತ್ತಲು ನಾಚುವ ಮಗು ಹೆಸರಿಲ್ಲದ ಚೀಟಿಯಲ್ಲಿ ಮಾತಾಡುತ್ತದೆ ಎಂಬುದು ಇದರ ದೊಡ್ಡ ಗುಣ. ಕೊರತೆಯೂ ಅಲ್ಲೇ ಇದೆ: ಮೂವತ್ತು ಚೀಟಿಗಳು ಅಕ್ಕಪಕ್ಕ ಕೂರುತ್ತವೆ, ಒಂದಕ್ಕೊಂದು ಮಾತಾಡುವುದಿಲ್ಲ. ಹಾಗೆ ಮಾತಾಡಿಸಬೇಕಾದ ಕೆಲಸ ಶಿಕ್ಷಕರ ಪಾಲಿಗೆ ಬಿತ್ತು. ‘ಇಬ್ಬರ ಚೀಟಿ ಓದಿ, ಒಪ್ಪದಿದ್ದರೆ ಕಾರಣ ಬರೆಯಿರಿ’ ಎಂಬಂಥ ಸೂಚನೆ ಇಲ್ಲದಿದ್ದರೆ ಗೋಡೆ ಬರೀ ಅಲಂಕಾರ.

ಇಂಥ ಗೋಡೆಗಳು ಉಚಿತವಾಗಿ ಸಿಗುವ ಕಥೆಯೂ ಬಾಳಲಿಲ್ಲ. 2018ರಲ್ಲಿ ಪ್ಯಾಡ್ಲೆಟ್ ಹೊಸ ಉಚಿತ ಖಾತೆಗೆ ಮೂರೇ ಗೋಡೆ ಎಂದಾಗ ಶಿಕ್ಷಕರು ಗದ್ದಲವೆಬ್ಬಿಸಿದರು. ಕೋವಿಡ್ ಕಾಲದಲ್ಲಿ ಅನೇಕರು ನೆಚ್ಚಿಕೊಂಡ ಗೂಗಲ್‌ನ ಡಿಜಿಟಲ್ ಬಿಳಿಹಲಗೆ ‘ಜಾಮ್‌ಬೋರ್ಡ್’ 2024ರ ಕೊನೆಗೆ ಮುಚ್ಚಿತು. ತರಗತಿಯ ನೆನಪನ್ನೆಲ್ಲ ಕಂಪನಿಯೊಂದರ ಗೋಡೆಗೆ ಅಂಟಿಸಿಟ್ಟವರು ಪಿಡಿಎಫ್ ಇಳಿಸಿಕೊಳ್ಳಲು ಓಡಾಡಬೇಕಾಯಿತು.

ಕರ್ನಾಟಕದಲ್ಲಿ ಮಕ್ಕಳದೇ ಗೋಡೆ ಎಂಬ ಯೋಚನೆ ಹೊಸತಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ–ಕಲಿ ತರಗತಿಗಳಲ್ಲಿ ಮಕ್ಕಳ ಎತ್ತರಕ್ಕೇ ಕಪ್ಪುಹಲಗೆ, ತಲೆಯ ಮೇಲೆ ಅವರ ಕೆಲಸ ತೂಗುವ ಚಪ್ಪರ. ಪರದೆಯ ಮೇಲಿನ ಫಲಕಕ್ಕೆ ಇಲ್ಲಿ ತೊಡಕಾದದ್ದು ಬೇರೆ ಸಂಗತಿಗಳು. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಟೈಪಿಸಿಟ್ಟ ಪಾಠವನ್ನು ತಂದು ಅಂಟಿಸಿದರೆ ಅರ್ಥವಾಗದ ಚಿಹ್ನೆಗಳ ಸಾಲು ಬೀಳುತ್ತದೆ. ಯೂನಿಕೋಡ್‌ಗೆ ಬದಲಾಯಿಸಿಯೇ ಹಾಕಬೇಕು. ಕೀಲಿಮಣೆಯಲ್ಲಿ ಒತ್ತಕ್ಷರ ಹುಡುಕುವ ಮಗು ಯೋಚನೆಯನ್ನೇ ಮರೆಯುತ್ತದೆ. ಹಾಗಾಗಿ ನೋಟ್‌ಬುಕ್ಕಿನಲ್ಲಿ ಬರೆಸಿ ಫೋಟೊ ಹಾಕಿಸುವುದು, ಇಲ್ಲವೆ ಅರ್ಧ ನಿಮಿಷದ ಧ್ವನಿಮುದ್ರಣ ಮಾಡಿಸುವುದು ಕೀಲಿಮಣೆಗಿಂತ ವಾಸಿ. ಮನೆಯಲ್ಲಿರುವುದು ಒಂದೇ ಫೋನ್, ಅದೂ ಸಂಜೆ ಅಪ್ಪ ಬಂದ ಮೇಲೆ ಸಿಗುವುದಾದರೆ, ಗಡುವನ್ನು ಮಧ್ಯಾಹ್ನಕ್ಕಿಡದೆ ಎರಡು ದಿನ ಮುಂದಕ್ಕಿಡಬೇಕು.